ಒಂದೇ ತರ ಕಾಣುವ ಬ್ರಾಕಿಯೋಪಾಡ್‌ಗಳನ್ನು ನಾನು ಬೇರ್ಪಡಿಸುವ ಬಗೆ

ನಮ್ಮೂರು ಕುಂಬಳೆಯ ಮುರಕಲ್ಲಿನಲ್ಲಿ ಪಳೆಯುಳಿಕೆ ಹುಡುಕಿ ಪ್ರಯೋಜನವಿಲ್ಲ. ನನ್ನ ಮೇಜಿನ ಮೇಲಿರುವುದೆಲ್ಲ ಕಛ್‌ನ ಜುಮಾರಾ ಗುಡ್ಡದ್ದು, ಸುಮಾರು 16 ಕೋಟಿ ವರ್ಷ ಹಳೆಯ ಜುರಾಸಿಕ್ ಚಿಪ್ಪುಗಳು. ಎಲ್ಲವೂ ಬ್ರಾಕಿಯೋಪಾಡ್, ಅಂದರೆ ಎರಡು ಹೋಳಿನ ಚಿಪ್ಪಿರುವ ಕಡಲಜೀವಿಗಳದ್ದು. ತಂಗಿಯ ಮಗಳು ನೋಡಿದ ಕೂಡಲೇ ಕೇಳಿದಳು, "ಇದು ಮರುವಾಯಿ ಅಲ್ವಾ ಮಾವ?"

ಅಲ್ಲ. ಮರುವಾಯಿಯ (ಕಪ್ಪೆಚಿಪ್ಪಿನ) ಎರಡು ಹೋಳೂ ಒಂದಕ್ಕೊಂದು ಕನ್ನಡಿ. ಆದರೆ ಒಂದೇ ಹೋಳನ್ನು ನೋಡಿದರೆ ಓರೆ. ಬ್ರಾಕಿಯೋಪಾಡ್‌ನಲ್ಲಿ ಪ್ರತಿ ಹೋಳಿನ ಎಡಬಲ ಸಮ, ಹೋಳುಗಳು ಮಾತ್ರ ಬೇರೆಬೇರೆ. ನನ್ನಲ್ಲಿರುವವುಗಳ ದೊಡ್ಡ ಹೋಳಿನ ಕೊಕ್ಕಿನಲ್ಲಿ ತೂತಿದೆ. ಪ್ರಾಣಿ ನೆಲಕ್ಕೆ ಅಂಟಿಕೊಳ್ಳುತ್ತಿದ್ದ ತೊಟ್ಟು ಹೊರಬರುತ್ತಿದ್ದುದು ಅಲ್ಲಿಂದ.

ಇಷ್ಟು ಸುಲಭ. ಕಷ್ಟ ಶುರುವಾಗುವುದು ಬ್ರಾಕಿಯೋಪಾಡ್‌ಗಳಲ್ಲೇ ಒಂದು ಗುಂಪಾದ, ನುಣುಪು ಚಿಪ್ಪಿನ ಟೆರೆಬ್ರಾಟುಲಿಡ್‌ಗಳಲ್ಲಿ. ಇನ್ನೊಂದು ಗುಂಪಾದ, ಏಣುಗಳಿರುವ ರಿಂಕೊನೆಲ್ಲಿಡ್‌ಗಳನ್ನು ಬರಿಗಣ್ಣಲ್ಲೇ ಆರಿಸಿಡಬಹುದು. ಚೂರು ಮಾತ್ರ ಸಿಕ್ಕಿದ್ದರೆ ಹತ್ತುಪಟ್ಟಿನ ಲೆನ್ಸ್ ಹಿಡಿಯುತ್ತೇನೆ: ಟೆರೆಬ್ರಾಟುಲಿಡ್ ಚಿಪ್ಪಿನ ತುಂಬ ಸೂಜಿಮೊನೆಯಂಥ ರಂಧ್ರಗಳು, ರಿಂಕೊನೆಲ್ಲಿಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಆಮೇಲೆ ಕೊಕ್ಕಿಗೆ ಎದುರಿನ ಮುಂದಂಚು. ಹೋಳುಗಳು ಕೂಡುವ ಗೆರೆ ಅಲ್ಲಿ ನೇರ ಹೋಗಿದೆಯೇ, ಒಮ್ಮೆ ಎದ್ದಿದೆಯೇ, ಎದ್ದ ಕಡೆ ನಡುವೆ ತಗ್ಗಿ ಎರಡು ಮಡಿಕೆಯಾಗಿದೆಯೇ? ಟೆರೆಬ್ರಾಟುಲಿಡ್‌ಗಳಲ್ಲೊಂದಾದ ಕುಚಿಥೈರಿಸ್ ಕುಲದ ಬೆಳೆದ ಚಿಪ್ಪುಗಳಲ್ಲಿ ಎರಡು ಮಡಿಕೆ ಕಾಣುತ್ತದೆ. ಮರಿಗಳಲ್ಲಿ ಅದೇ ಗೆರೆ ಬಹುತೇಕ ನೇರ. ಹಾಗಾಗಿ ಒಂದೇ ಪದರದಿಂದ ಬಂದವನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿಟ್ಟು, ವರ್ನಿಯರ್‌ನಲ್ಲಿ ಉದ್ದ, ಅಗಲ, ದಪ್ಪ ಅಳೆದ ಮೇಲೆಯೇ ಹೆಸರಿನ ಯೋಚನೆ. 1900ರಲ್ಲಿ ಪಳೆಯುಳಿಕೆ ತಜ್ಞ ಎಫ್. ಎಲ್. ಕಿಚಿನ್ ಕಛ್‌ನ ಬ್ರಾಕಿಯೋಪಾಡ್‌ಗಳನ್ನು ಚಿತ್ರಸಮೇತ ವಿವರಿಸಿದ್ದಾರೆ. ಆ ಚಿತ್ರಗಳ ಪಕ್ಕ ಇಡಬೇಕಾದ್ದು ಸಾಲನ್ನು, ಬಿಡಿ ಚಿಪ್ಪನ್ನಲ್ಲ.

ಹೊರಗಿನ ಆಕಾರವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಹತ್ತಿರದ ಸಂಬಂಧವಿಲ್ಲದ ಬಳಗಗಳೂ ಒಂದೇ ರೂಪ ತಾಳುವುದುಂಟು. ಟೆರೆಬ್ರಾಟುಲಿಡ್‌ಗಳಲ್ಲೇ ಇನ್ನೊಂದಾದ ಝೈಲೇರಿಯಾ ಬಳಗದ್ದೂ ನುಣುಪು ಚಿಪ್ಪೇ. ಸವೆದ ಚಿಪ್ಪಿಗೆ ನೀರು ಹಚ್ಚಿದಾಗ ಸಣ್ಣ ಹೋಳಿನಲ್ಲಿ ಕೊಕ್ಕಿನಿಂದ ಕಪ್ಪು ಗೆರೆಯೊಂದು ಇಳಿದರೆ ಒಳಗೆ ನಡುಗೋಡೆ ಇದೆಯೆಂದು ಅರ್ಥ. ಅದು ಆ ಬಳಗದ ಕಡೆಗೆ ಬೆರಳು ತೋರಿಸುತ್ತದೆ.

ಗೆರೆ ಕಾಣದಿದ್ದರೆ ಅರೆಯಲೇಬೇಕು. ಅರೆದ ಚಿಪ್ಪು ಮರಳಿ ಬರುವುದಿಲ್ಲವಾದ್ದರಿಂದ ಮೊದಲು ಫೋಟೊ, ಪ್ಲಾಸ್ಟರ್ ಅಚ್ಚು. ಗಾಜಿನ ಮೇಲೆ ಕಾರ್ಬೊರಂಡಂ ಪುಡಿ ಹಾಕಿ ಕೊಕ್ಕಿನ ಕಡೆಯಿಂದ ಸ್ವಲ್ಪ ಸ್ವಲ್ಪ ಅರೆದು, ಪ್ರತಿ ಸಲ ಎಷ್ಟು ಸವೆಯಿತೆಂದು ಬರೆದಿಡುತ್ತೇನೆ. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ಸೆಕೆಂಡು ಅದ್ದಿ, ತೊಳೆದು, ಒಣಗಿಸಿ, ಅಸಿಟೋನ್ ಸುರಿದು ಅಸಿಟೇಟ್ ಪ್ಲಾಸ್ಟಿಕ್ ಹಾಳೆ ಒತ್ತಿದರೆ ಒಳರಚನೆಯ ಅಚ್ಚು ಹಾಳೆಗೆ ಇಳಿಯುತ್ತದೆ. ಇದನ್ನು ನಮ್ಮೂರಿನ ಆಟಿಯ ಮಳೆಯಲ್ಲಿ ಮಾಡಬೇಡಿ. ತೇವದ ಗಾಳಿಗೆ ಹಾಳೆ ಬೆಳ್ಳಗೆ ಮಂಜಾಗುತ್ತದೆ. ನಾನು ಈ ಕೆಲಸವನ್ನು ಬೇಸಗೆಗೆ, ಕಿಟಕಿ ತೆರೆದಿಡುವ ಹೊತ್ತಿಗೆ ಎತ್ತಿಡುತ್ತೇನೆ. ಅಸಿಟೋನ್ ಹತ್ತಿರ ಬೆಂಕಿ ಸುಳಿಯಬಾರದು.

ಹಾಳೆಗಳನ್ನು ಕ್ರಮವಾಗಿ ನೋಡಿದರೆ ಮೇವು ಹಿಡಿಯುವ ಅಂಗಕ್ಕೆ ಆಧಾರವಾಗಿದ್ದ ಸುಣ್ಣದ ಕುಣಿಕೆ ಗಿಡ್ಡವೋ ಉದ್ದವೋ ತಿಳಿಯುತ್ತದೆ. ಗಿಡ್ಡವಾದರೆ ಕುಚಿಥೈರಿಸ್ ಕಡೆಯದು, ಉದ್ದವಾದರೆ ಝೈಲೇರಿಯಾ ಕಡೆಯದು. ಮಡಿಕೆ ಮೂಡದ ಮರಿಗಳು ಸಾಲಿನಲ್ಲಿ ಎಲ್ಲಿಗೂ ಕೂಡದಿದ್ದರೆ ಚೀಟಿಯಲ್ಲಿ ಕುಲದ ಹೆಸರಷ್ಟೇ ಬರೆದು, ಜಾತಿಯ ಜಾಗ ಖಾಲಿ ಬಿಡುತ್ತೇನೆ.