70 ವರ್ಷ ಕಾಯಿರಿ ಎಂದ ಪತ್ರ

ಡಿಗ್ರಿ ಮುಗಿದ ವರ್ಷ ನನಗೆ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಕೆಲಸ ಸಿಗುತ್ತಾ? ಅಪ್ಪ ಅಮ್ಮನನ್ನು ನೋಡಿಕೊಳ್ಳೋಕೆ ಆಗುತ್ತಾ? ಒಂದರ ಹಿಂದೆ ಒಂದು ಯೋಚನೆ. ಚಿಕ್ಕಂದಿನಿಂದ ಕ್ರೈಸ್ತ ಸಭೆಯಲ್ಲೇ ಬೆಳೆದವನು ನಾನು. ಭಯ ಇದೆ ಅಂದರೆ ನಂಬಿಕೆ ಇಲ್ಲ ಅಂತ ಅಂದುಕೊಂಡಿದ್ದೆ. ಹಾಗಾಗಿ ಭಯದ ಜೊತೆ ನಾಚಿಕೆಯೂ ಸೇರಿಕೊಂಡಿತು. ಯಾರ ಹತ್ತಿರವೂ ಹೇಳಲಿಲ್ಲ.

ಆಗ ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದು ಬೈಬಲ್‌ನ ಯೆರೆಮೀಯ ಪುಸ್ತಕದ 29:11. ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಯೋಚನೆ, ಮುಂದಿನ ದಿನಗಳಿಗೆ ನಿರೀಕ್ಷೆ ಕೊಡುತ್ತೇನೆ ಎಂದು ದೇವರು ಹೇಳುವ ವಚನ. ಪ್ರತಿ ಇಂಟರ್‌ವ್ಯೂಗೆ ಮುಂಚೆ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಕೆಲಸ ಸಿಗದೆ ಬಂದಾಗಲೆಲ್ಲ ದೇವರ ಮೇಲೆ ಬೇಜಾರಾಗುತ್ತಿತ್ತು.

ಒಂದು ದಿನ ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಅದೊಂದು ಪತ್ರ. ಸೆರೆಯಾಗಿ ಬಾಬೆಲಿಗೆ (ಬ್ಯಾಬಿಲೋನಿಗೆ) ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಯೆರೂಸಲೇಮಿನಿಂದ ಬರೆದದ್ದು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಹೇಳಿದ್ದ, ಅದು ಸುಳ್ಳು. ಯೆರೆಮೀಯನ ಪತ್ರದಲ್ಲಿರುವುದು 70 ವರ್ಷ! ಅಂದರೆ ಅದನ್ನು ಓದಿದ ದೊಡ್ಡವರಲ್ಲಿ ಹೆಚ್ಚಿನವರು ಮತ್ತೆ ತಮ್ಮ ನಾಡನ್ನು ನೋಡಿರಲಾರರು. ಹಾಗಾದರೆ ಅಲ್ಲಿಯವರೆಗೆ ಏನು ಮಾಡಬೇಕು? ಅದೂ ಪತ್ರದಲ್ಲೇ ಇದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ, ನೀವಿರುವ ಊರಿಗಾಗಿ ಪ್ರಾರ್ಥಿಸಿ.

ನನಗೆ ಅಳು ಬಂತು. ನನ್ನ ಇಂಟರ್‌ವ್ಯೂ ಪಾಸಾಗುತ್ತದೆ ಎಂದು ದೇವರು ಆ ವಚನದಲ್ಲಿ ಮಾತು ಕೊಟ್ಟಿರಲಿಲ್ಲ. ಕಾಯುವ ಜನರ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ.

ಅವತ್ತಿನಿಂದ ನನ್ನ ಪ್ರಾರ್ಥನೆ ಬದಲಾಯಿತು. ಒಂದು ನೋಟ್‌ಬುಕ್ ಇಟ್ಟುಕೊಂಡೆ. ರಾತ್ರಿ ಎಡಗಡೆ ಪುಟದಲ್ಲಿ ಭಯಗಳನ್ನು ಬರೆಯುತ್ತಿದ್ದೆ, ಇದ್ದದ್ದು ಇದ್ದ ಹಾಗೆ. ಬಲಗಡೆ ನಾಳೆ ಒಂದೇ ದಿನದಲ್ಲಿ ನನ್ನ ಕೈಯಲ್ಲಿ ಆಗುವ ಕೆಲಸ. ಒಂದು ಅರ್ಜಿ, ಒಂದು ಫೋನ್, ಎರಡು ಗಂಟೆ ಓದು, ಅಷ್ಟೇ. ಎಡಗಡೆಯದನ್ನು ಜೋರಾಗಿ ಓದಿ ದೇವರಿಗೆ ಒಪ್ಪಿಸಿ ಮಲಗುತ್ತಿದ್ದೆ. ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರ ಮನ್ನದ ಕಥೆ ನೆನಪಿದೆ ಅಲ್ವಾ? ಇಸ್ರಾಯೇಲ್ಯರು ದಿನದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕಿತ್ತು. ನಾಳೆಗೆಂದು ಎತ್ತಿಟ್ಟದ್ದು ಹುಳ ಬಿತ್ತು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು. ನನ್ನ ಧೈರ್ಯವೂ ಹಾಗೇ, ಒಂದು ದಿನಕ್ಕೆ ಸಾಕಾಗುವಷ್ಟೇ ಸಿಗುತ್ತಿತ್ತು. ಭಯ ಪೂರ್ತಿ ಹೋಗಲಿಲ್ಲ. ನಿದ್ದೆ ಬರತೊಡಗಿತು. ಕೆಲಸ ಸಿಕ್ಕಿದ್ದು ಅದಾಗಿ ಬಹಳ ತಿಂಗಳ ಮೇಲೆ.

ಈಗ ಸಭೆಯ ಯುವಜನ ಕೂಟ ನಡೆಸುತ್ತೇನೆ. ಶುರುವಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಒಬ್ಬ ಹುಡುಗ ತನ್ನ ಭಯ ಹೇಳಿಕೊಂಡಾಗ, "ಚಿಂತೆ ಮಾಡಬೇಡ, ನಂಬಿಕೆ ಇಡು" ಎಂದುಬಿಟ್ಟೆ. ಅವನು ತಲೆಯಾಡಿಸಿ ಸುಮ್ಮನಾದ. ಆಮೇಲೆ ಹಲವು ವಾರ ಕೂಟಕ್ಕೇ ಬರಲಿಲ್ಲ. ನನ್ನ ಬಾಯಿ ಮುಚ್ಚಿಸಿದ್ದ ಮಾತನ್ನೇ ನಾನು ಅವನಿಗೆ ಹೇಳಿದ್ದೆ. ಹೋಗಿ ಕ್ಷಮೆ ಕೇಳಿದೆ.

ಈಗ ಮೊದಲು ಕೇಳಿಸಿಕೊಳ್ಳುತ್ತೇನೆ. ಊಟ, ನಿದ್ದೆ ಹೇಗಿದೆ ಎಂದು ವಿಚಾರಿಸುತ್ತೇನೆ. ಸಾಯುವುದೇ ಮೇಲು ಎಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು. ಅದೂ ಎರಡು ಸಲ. ಬೆಟ್ಟದ ಮೇಲೆ ದೇವರ ಜೊತೆಗಿನ ಮಾತುಕತೆಯೆಲ್ಲ ಆಮೇಲೆ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನಿಸುತ್ತಿದೆ ಎಂದರೆ ತಡ ಮಾಡದೆ ಡಾಕ್ಟರ ಹತ್ತಿರ ನಾನೇ ಜೊತೆಗೆ ಹೋಗುತ್ತೇನೆ. ಅದು ನಂಬಿಕೆಗೆ ವಿರುದ್ಧ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಯೇಸು ಬಂಧನಕ್ಕೆ ಮುಂಚೆ ಪ್ರಾರ್ಥಿಸಿದ ಗೆತ್ಸೇಮನೆ ತೋಟದ ಭಾಗವನ್ನೂ ತಪ್ಪದೆ ಓದುತ್ತೇವೆ. ಅಲ್ಲಿ ಯೇಸುವೇ ಕಳವಳಪಟ್ಟರು, ಜೊತೆಗಿರಿ ಎಂದು ಗೆಳೆಯರನ್ನು ಕೇಳಿಕೊಂಡರು. ಭಯಪಡುವುದೇ ಪಾಪ ಅಂದುಕೊಂಡ ಮಕ್ಕಳ ಮುಖ ಆಗ ಸಡಿಲವಾಗುವುದನ್ನು ನೋಡಿದ್ದೇನೆ.

ಹೋದ ತಿಂಗಳು ಬೈಬಲ್‌ನ 13ನೇ ಕೀರ್ತನೆ ಓದಿದೆವು. ಅದರ ಶುರುವಿನಲ್ಲೇ "ಎಷ್ಟರ ತನಕ" ಎಂದು ನಾಲ್ಕು ಸಲ ದೇವರನ್ನು ಕೇಳುವ ಮಾತಿದೆ. ಕೊನೆಗೆ ಹಾಡು. ರಿಸಲ್ಟ್‌ಗೆ ಕಾಯುತ್ತಿದ್ದ ಒಬ್ಬ ಹುಡುಗಿ ಓದುತ್ತಾ ಅರ್ಧಕ್ಕೆ ನಿಲ್ಲಿಸಿದಳು. "ಅಣ್ಣಾ, ಹಾಡ್ತೀನಿ ಅನ್ನೋ ಭಾಗ ಇವತ್ತು ನನ್ನ ಬಾಯಲ್ಲಿ ಬರಲ್ಲ" ಎಂದಳು. ಪರವಾಗಿಲ್ಲಮ್ಮ ಎಂದೆ. ಪಕ್ಕದಲ್ಲಿದ್ದವಳು ಅವಳ ಕೈ ಹಿಡಿದುಕೊಂಡಳು. ಉಳಿದದ್ದನ್ನು ಅವಳ ಪರವಾಗಿ ನಾವೆಲ್ಲ ಸೇರಿ ಓದಿದೆವು.