ಮೇಲ್ ಕಳಿಸುವವರ ಅಭ್ಯಾಸ ತಿದ್ದಿದೆವು, ವೈರಸ್ ಹರಡುವುದು ನಿಂತಿತು: ನನ್ನ ಅನುಭವ

ಸುಮಾರು ಅರವತ್ತು ಜನರ ಆಫೀಸಿನಲ್ಲಿ ಮೇಲ್ ವ್ಯವಸ್ಥೆ ನೋಡಿಕೊಳ್ಳುವವನು ನಾನು. ಮೂರು ವರ್ಷದ ಹತ್ತಿರ ಆಯಿತು, ನಮ್ಮಲ್ಲಿ ಒಬ್ಬರ ಮೇಲ್‌ನಿಂದ ಇನ್ನೊಬ್ಬರಿಗೆ ವೈರಸ್ ಹೋಗಿಲ್ಲ. ಶುರು ಮಾಡಿದಾಗ "ಜನರ ಅಭ್ಯಾಸ ಬದಲಾಯಿಸೋಕೆ ಆಗಲ್ಲ, ಒಳ್ಳೆ ಸಾಫ್ಟ್‌ವೇರ್ ತಗೊಳ್ಳಿ" ಅಂದವರೇ ಜಾಸ್ತಿ. ನಮ್ಮ ಮ್ಯಾನೇಜರೂ ಅದನ್ನೇ ಹೇಳಿದ್ದರು. ಈಗ ಬೇರೆ ಶಾಖೆಗಳಿಗೆ ಇದನ್ನು ಕಲಿಸಲು ಅವರೇ ನನ್ನನ್ನು ಕಳಿಸುತ್ತಾರೆ. ಕಳಿಸಿದವರ ವಿಳಾಸ ಅಸಲಿಯೋ ನಕಲಿಯೋ ಅಂತ ಸರ್ವರ್ ಪರೀಕ್ಷಿಸಲು ಎಸ್‌ಪಿಎಫ್, ಡಿಮಾರ್ಕ್ ಅನ್ನುವ ವ್ಯವಸ್ಥೆಗಳಿವೆ, ಅವನ್ನು ಇಲ್ಲಿ ಬಿಡುತ್ತೇನೆ.

ಮೊದಲು ದುಡ್ಡು ಸುರಿದೆವು. ಪ್ರತಿ ಕಂಪ್ಯೂಟರಿಗೂ ಆಂಟಿವೈರಸ್ ಲೈಸೆನ್ಸ್, ಅದರ ಮೇಲೆ ಮೇಲ್ ಗೇಟ್‌ವೇ ಫಿಲ್ಟರ್, ಅಂದರೆ ಮೇಲ್ ಒಳಗೆ ಬರುವ ಮೊದಲೇ ಬಾಗಿಲಲ್ಲಿ ಸೋಸುವ ವ್ಯವಸ್ಥೆ. ಎರಡಕ್ಕೂ ಸೇರಿ ವರ್ಷದ ಐಟಿ ಬಜೆಟ್‌ನಲ್ಲಿ ಕಾಲು ಭಾಗವಾದರೂ ಹೋಗಿರಬೇಕು. ಫಿಲ್ಟರ್ ಬೇಕಾದಷ್ಟು ಹಿಡಿಯಿತು, ಇಲ್ಲ ಅನ್ನಲ್ಲ. ಆದರೆ ಒಂದು ದಿನ ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಬಂತು, ಪಾಸ್‌ವರ್ಡ್ ಮೇಲ್‌ನಲ್ಲೇ ಬರೆದಿತ್ತು. ಸ್ಕ್ಯಾನರ್‌ಗೆ ಅದರೊಳಗೆ ಏನಿದೆ ಅಂತ ಕಾಣಲ್ಲ, ಓದುವವರಿಗೆ ಕಾಣುತ್ತದೆ. ಲೆಕ್ಕಪತ್ರದವರು ತೆರೆದರು. ಯಾಕೆ ತೆರೆಯಬಾರದು? ಅವರೇ ಹಿಂದಿನ ವಾರ ಬರೆದ ಮೇಲ್‌ಗೆ ಉತ್ತರವಾಗಿ ಬಂದಿತ್ತು ಅದು. ಎಮೋಟೆಟ್ ಅನ್ನುವ ವೈರಸ್ ಅಷ್ಟು ಹಬ್ಬಿದ್ದೂ ಹೀಗೆ ಕದ್ದ ಮಾತುಕತೆಯೊಳಗೆ ನುಸುಳಿಯೇ. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅದರ ಸರ್ವರ್‌ಗಳನ್ನು ವಶಕ್ಕೆ ತೆಗೆದುಕೊಂಡರು, ವರ್ಷ ಮುಗಿಯುವ ಮೊದಲೇ ಅದು ಮತ್ತೆ ಎದ್ದಿತು. ನಮ್ಮಲ್ಲಿ ಮಷಿನ್‌ಗಳನ್ನು ಅಳಿಸಿ ಮತ್ತೆ ಹಾಕಿದ್ದು, ಹೊರಗಿನಿಂದ ಕರೆಸಿದವರ ಕೂಲಿ, ಬಿಲ್ಲಿಂಗ್ ನಿಂತ ನಷ್ಟ ಎಲ್ಲ ಕೂಡಿದರೆ ಫಿಲ್ಟರ್‌ಗೆ ಕೊಟ್ಟಿದ್ದಕ್ಕಿಂತ ದೊಡ್ಡ ಮೊತ್ತವಾಯಿತು.

ಆಮೇಲೆ ಪೋಸ್ಟರ್ ಅಂಟಿಸಿದರು. "ಅಪರಿಚಿತರ ಅಟ್ಯಾಚ್‌ಮೆಂಟ್ ತೆರೆಯಬೇಡಿ." ಈ ಸಲಹೆ ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. 1999ರ ಮೆಲಿಸ್ಸಾ ವೈರಸ್ ಅಡ್ರೆಸ್ ಬುಕ್‌ನ ಮೊದಲ 50 ಜನರಿಗೆ ಹೋಗುತ್ತಿತ್ತು, 2000ದ ಐ ಲವ್ ಯೂ ವೈರಸ್ ಅದರಲ್ಲಿದ್ದ ಎಲ್ಲರಿಗೂ. ಅಂದರೆ ಅವತ್ತಿನಿಂದಲೂ ವೈರಸ್ ಬರುವುದು ಪರಿಚಯದವರ ಹೆಸರಿನಲ್ಲೇ, ಅಲ್ವಾ? ನಕಲಿ ಮೇಲ್ ಕಳಿಸಿ ಪರೀಕ್ಷೆ ಮಾಡುವ ಕಂಪನಿಯೊಂದಕ್ಕೂ ದುಡ್ಡು ಕೊಟ್ಟರು. ಕ್ಲಿಕ್ ಮಾಡುವವರು ಕಡಿಮೆಯಾದರು, ನಿಜ. ಜೊತೆಗೆ "ನಾನು ಏನೋ ಒತ್ತಿಬಿಟ್ಟೆ" ಅಂತ ಬಂದು ಹೇಳುವವರೂ ಕಡಿಮೆಯಾದರು. ಅದು ಜಾಸ್ತಿ ಅಪಾಯ. ಆ ಪರೀಕ್ಷೆ ನಿಲ್ಲಿಸಿದೆ.

ನಾನು ಹಿಡಿದದ್ದು ಕಳಿಸುವವರನ್ನು. ಆಫೀಸಿನ ಒಳಗೆ ಅಟ್ಯಾಚ್‌ಮೆಂಟ್ ಪೂರ್ತಿ ಬಂದ್. ಫೈಲ್ ಅನ್ನು ಶೇರ್ಡ್ ಫೋಲ್ಡರ್‌ನಲ್ಲಿ ಇಡಬೇಕು, ಮೇಲ್‌ನಲ್ಲಿ ಫೋಲ್ಡರ್ ಹೆಸರು ಮಾತ್ರ ಬರೆಯಬೇಕು, ಲಿಂಕ್ ಕೂಡ ಬೇಡ. ಇದರಿಂದ ಒಂದು ದೊಡ್ಡ ಲಾಭ: ಸಹೋದ್ಯೋಗಿ ಹೆಸರಿನಲ್ಲಿ ಅಟ್ಯಾಚ್‌ಮೆಂಟ್ ಬಂದರೆ ಅದು ಅವರದ್ದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ, ಯೋಚನೆ ಮಾಡುವ ಕೆಲಸವೇ ಇಲ್ಲ. ಹೊರಗಿನವರಿಗೆ ಕಳಿಸುವಾಗ ಫೈಲ್ ಹೆಸರು, ಯಾಕೆ ಕಳಿಸುತ್ತಿದ್ದೇವೆ, ಯಾವ ಮಾತಿನ ಮುಂದುವರಿಕೆ ಅಂತ ಒಂದೆರಡು ಸಾಲು ಬರೆಯಲೇಬೇಕು. ಸುಮ್ನೆ "ದಯವಿಟ್ಟು ನೋಡಿ" ಅಂತ ಕಳಿಸುವಂತಿಲ್ಲ. ಆಗುವಷ್ಟು ಕಡೆ ವರ್ಡ್, ಎಕ್ಸೆಲ್ ಬದಲು ಪಿಡಿಎಫ್. ತುಂಬಾ ಜನರಿಗೆ ಹೋಗುವುದಾದರೆ ಬಿಸಿಸಿ, ಅಂದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ. ಅನುಮಾನ ಬಂದರೆ ಮೇಲ್‌ಗೆ ಉತ್ತರ ಬರೆದು ಕೇಳಬಾರದು, ಮೇಲ್ ಪೆಟ್ಟಿಗೆಯೇ ಕಳ್ಳರ ಕೈಯಲ್ಲಿದ್ದರೆ "ಹೌದು, ನಾನೇ ಕಳಿಸಿದ್ದು" ಅಂತ ಅವರೇ ಉತ್ತರ ಕೊಡುತ್ತಾರೆ. ಫೋನ್ ಮಾಡಬೇಕು, ಅದೂ ನಮ್ಮಲ್ಲಿ ಮೊದಲೇ ಇದ್ದ ನಂಬರಿಗೆ.

ಮಾರಾಟ ವಿಭಾಗದವರು ತುಂಬಾ ಎಳೆದಾಡಿದರು. ಗ್ರಾಹಕರಿಗೆ ಬೇಸರವಾಗುತ್ತದೆ ಅಂದರು. ಆರೇಳು ತಿಂಗಳಾದ ಮೇಲೆ ಗ್ರಾಹಕರೇ ನಮ್ಮ ಹಾಗೆ ಬರೆಯಲು ಶುರು ಮಾಡಿದರು. ಪ್ರತಿ ವಿಭಾಗದ ಮೇಲ್‌ನ ಮೊದಲ ಸಾಲಿನಲ್ಲಿ ಒಂದು ಗುರುತು ಇರುತ್ತದೆ, ಅದೇ ನಮ್ಮ ಅಸಲಿ ಅಸ್ತ್ರ. ಏನು ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ಅದರ ಬೆಲೆ ಹೋಯಿತು.

ಇದರ ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ವಿಂಡೋಸ್ ಫೈಲ್ ಹೆಸರಿನ ಬಾಲ, ಅಂದರೆ ಚುಕ್ಕಿಯ ನಂತರ ಫೈಲ್ ಯಾವ ಬಗೆಯದು ಅಂತ ಹೇಳುವ ಅಕ್ಷರಗಳನ್ನು ಮುಚ್ಚಿಡುತ್ತದಲ್ಲ, ಅದನ್ನು ಎಲ್ಲ ಮಷಿನ್‌ಗಳಲ್ಲೂ ಕಾಣುವಂತೆ ಮಾಡಿದೆ. ಐ ಲವ್ ಯೂ ಗೆದ್ದಿದ್ದೇ ಕೊನೆಯ ವಿಬಿಎಸ್ ಕಾಣದೆ ಟಿಎಕ್ಸ್‌ಟಿ ಮಾತ್ರ ಕಂಡಿದ್ದರಿಂದ. ವಿಬಿಎಸ್, ಜೆಎಸ್ ಅಂದರೆ ಒತ್ತಿದರೆ ಓಡುವ ಸ್ಕ್ರಿಪ್ಟ್ ಫೈಲ್‌ಗಳು, ಅವನ್ನು ಒತ್ತಿದರೆ ನೋಟ್‌ಪ್ಯಾಡ್ ತೆರೆಯುವ ಹಾಗೆ ಇಟ್ಟೆ. ಆಂಟಿವೈರಸ್ ಕೆಲಸ ಮಾಡುತ್ತಿದೆಯೇ ಅಂತ ನೋಡಲು ಇರುವ, ಅಪಾಯವಿಲ್ಲದ ಐಕಾರ್ ಪರೀಕ್ಷಾ ಫೈಲ್ ಅನ್ನು ಜಿಪ್ ಒಳಗೆ ಜಿಪ್ ಮಾಡಿ ಕಳಿಸಿ ನೋಡಿದೆ, ಗೇಟ್‌ವೇ ಹಿಡಿಯಿತು. ಪಾಸ್‌ವರ್ಡ್ ಹಾಕಿದೆ, ಸಲೀಸಾಗಿ ಒಳಗೆ ಬಂತು. ಅಡ್ರೆಸ್ ಬುಕ್‌ನ ಮೇಲ್ಗಡೆ ಸೊನ್ನೆಗಳ ಸುಳ್ಳು ವಿಳಾಸ ಸೇರಿಸಿದರೆ ವೈರಸ್ ನಿಲ್ಲುತ್ತದೆ ಅನ್ನುವ ಹಳೆಯ ಮಾತನ್ನೂ ನೆಟ್‌ವರ್ಕ್‌ನಿಂದ ಬೇರ್ಪಡಿಸಿದ ಮಷಿನ್‌ಗಳಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಪರೀಕ್ಷಿಸಿದೆ. ಆ ಒಂದು ಮೇಲ್ ವಾಪಸ್ ಬಂತು, ಮಿಕ್ಕವೆಲ್ಲ ಆರಾಮಾಗಿ ಹೋದವು.

"ಎಲ್ಲರಿಗೂ ಫಾರ್ವರ್ಡ್ ಮಾಡಿ" ಅನ್ನುವ ಎಚ್ಚರಿಕೆ ಮೇಲ್‌ಗಳಿಗೂ ಕಡಿವಾಣ ಹಾಕಿದೆ, ಅವು ನನಗೊಬ್ಬನಿಗೇ ಬರಬೇಕು. 2001ರಲ್ಲಿ ಇಂಥದ್ದೇ ಒಂದು ಸುಳ್ಳು ಮೇಲ್ ನಂಬಿ ಎಷ್ಟೋ ಜನ ವಿಂಡೋಸ್‌ನ ಒಳ್ಳೆಯ ಫೈಲ್ ಒಂದನ್ನೇ ಅಳಿಸಿಕೊಂಡಿದ್ದರು.

2022ರಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್‌ನಿಂದ ಬಂದ ಮ್ಯಾಕ್ರೋಗಳನ್ನು (ವರ್ಡ್, ಎಕ್ಸೆಲ್ ಫೈಲ್‌ಗಳೊಳಗೆ ಇರುವ ಸಣ್ಣ ಪ್ರೋಗ್ರಾಂಗಳು) ತಾನಾಗಿಯೇ ತಡೆಯಲು ಶುರು ಮಾಡಿತು. ಕಳ್ಳರು ಐಎಸ್‌ಒ (ಇಡೀ ಡಿಸ್ಕ್‌ನ ನಕಲು), ಶಾರ್ಟ್‌ಕಟ್ ಫೈಲ್‌ಗಳಿಗೆ ಹೋದರು, 2023ರಲ್ಲಿ ಮೈಕ್ರೋಸಾಫ್ಟ್‌ನ ಟಿಪ್ಪಣಿ ಪ್ರೋಗ್ರಾಂ ಒನ್‌ನೋಟ್‌ನ ಫೈಲ್‌ಗಳಿಗೆ. ಗೇಟ್‌ವೇಯಲ್ಲಿ ಪ್ರತಿ ಸಲ ಹೊಸ ನಿಯಮ ಬರೆಯಬೇಕಾಯಿತು. ಜನರಿಗೆ ಮಾತ್ರ ಒಂದಕ್ಷರವೂ ಹೊಸದಾಗಿ ಹೇಳಬೇಕಾಗಲಿಲ್ಲ, ಯಾಕೆಂದರೆ ನಮ್ಮ ನಿಯಮ ಫೈಲ್ ಯಾವ ಜಾತಿಯದು ಅಂತ ಕೇಳುವುದೇ ಇಲ್ಲ.

ಫಿಲ್ಟರ್‌ನ ದುಬಾರಿ ಪ್ಯಾಕೇಜ್ ಬಿಟ್ಟು ಸಾದಾ ಪ್ಯಾಕೇಜ್‌ಗೆ ಇಳಿದೆವು. ಉಳಿದ ದುಡ್ಡು ಬ್ಯಾಕಪ್‌ಗೆ ಹೋಯಿತು. ಈಗ ಮೊಬೈಲ್ ಮೇಲೆ ಕೆಲಸ ನಡೆದಿದೆ. ಅದರಲ್ಲಿ ಕಳಿಸಿದವರ ಹೆಸರಷ್ಟೇ ಕಾಣುತ್ತದೆ, ವಿಳಾಸ ನೋಡಲು ಹೆಸರಿನ ಮೇಲೆ ಒತ್ತಬೇಕು. ಸದ್ಯಕ್ಕೆ ಹೊರಗಿನಿಂದ ಬರುವ ಪ್ರತಿ ಮೇಲ್‌ನ ವಿಷಯದ ಸಾಲಿಗೆ "ಹೊರಗಿನದು" ಅಂತ ಸರ್ವರ್‌ನಿಂದಲೇ ಸೇರಿಸುತ್ತಿದ್ದೇನೆ.