ಕನ್ನಡಿಯೊಳಗಿನ ಮೊಗ್ಗಿನ ಜಡೆ

ಹಳೇ ಮೈಸೂರು ಸೀಮೆಯ ಒಂದು ಜಿಲ್ಲಾ ಕೇಂದ್ರದಲ್ಲಿ ಮೂರು ತಲೆಮಾರಿನಿಂದ ರೇಷ್ಮೆ ಸೀರೆ ಮಾರುತ್ತ ಬಂದ ಅಂಗಡಿಯೊಂದಕ್ಕೆ ಜಾಹೀರಾತು ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಾಗ, ಬೆಂಗಳೂರಿನ ಜಾಹೀರಾತು ಸಂಸ್ಥೆಗಳಲ್ಲಿ ಕಲಾ ನಿರ್ದೇಶಕನಾಗಿ ಹದಿನಾರು ವರ್ಷ ಕಳೆದಿದ್ದೆ. ಅಂಗಡಿಯ ಯಜಮಾನರು ಹೇಳಿದ್ದು ಎರಡೇ ಮಾತು. "ಮದುವೆ ಕಾಲಕ್ಕೆ ಊರಿನವರ ಕಣ್ಣು ನಮ್ಮ ಬೋರ್ಡಿನ ಮೇಲೆ ನಿಲ್ಲಬೇಕು. ನಮ್ಮ ತಾಯಿ ದೇವಸ್ಥಾನಕ್ಕೆ ಹೋಗುವುದೂ ಅದೇ ರಸ್ತೆಯಲ್ಲಿ. ಅವರು ಅಲ್ಲಿ ತಲೆ ತಗ್ಗಿಸಿ ನಡೆಯುವಂತಾಗಬಾರದು." ಕಣ್ಣು ಸೆಳೆಯುವುದು ಬೇರೆ, ಮರ್ಯಾದೆ ಬೇರೆ, ಒಂದನ್ನು ಹೆಚ್ಚಿಸಿದರೆ ಇನ್ನೊಂದು ತಗ್ಗುತ್ತದೆ ಎಂದು ಭಾವಿಸುವುದು ನಮ್ಮ ವೃತ್ತಿಯ ವಾಡಿಕೆ. ನಾನೂ ಹಾಗೆಯೇ ಭಾವಿಸಿದ್ದೆ. ಮೊದಲ ಎರಡು ಪ್ರಯತ್ನಗಳು ಕೆಟ್ಟದ್ದು ಅದರಿಂದಲೇ.

ಮೊದಲನೆಯದು ಈಗಿನ ಧಾಟಿಯದು. ಬೆನ್ನು ತೆರೆದ ರವಿಕೆ, ಮಳೆಯಲ್ಲಿ ನೆನೆದು ಮೈಗಂಟಿದ ಸೀರೆ, ಅರೆಮುಚ್ಚಿದ ಕಣ್ಣು. ರೇಖಾಚಿತ್ರವನ್ನು ಯಜಮಾನರ ಮುಂದಿಟ್ಟಾಗ ಅವರು ಸಂಸ್ಕೃತಿಯ ಮಾತೆತ್ತುತ್ತಾರೆಂದು ನಾನು ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದೇ ಬೇರೆ. "ಸಾರ್, ರೇಷ್ಮೆ ಸೀರೆಯನ್ನು ಯಾರಾದರೂ ಮಳೆಯಲ್ಲಿ ನೆನೆಸುತ್ತಾರೆಯೇ? ಜರಿ ಕಪ್ಪಾಗುವುದಿಲ್ಲವೇ?" ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಹಳೆಯ ಜಾಹೀರಾತುಗಳನ್ನು ಮತ್ತೆ ನೋಡಿದೆ. 1975ರಲ್ಲಿ ಬಂದ ಲಿರಿಲ್ ಸಾಬೂನಿನ ಚಿತ್ರದಲ್ಲಿ ಕೊಡೈಕೆನಾಲ್ ಬಳಿಯ ಜಲಪಾತದ ಕೆಳಗೆ ಒಬ್ಬಳು ಹುಡುಗಿ ಈಜುಡುಗೆಯಲ್ಲಿ ನಲಿಯುತ್ತಾಳೆ. ಅಲ್ಲಿ ನೀರು ಬೇಕು, ಏಕೆಂದರೆ ಮಾರುತ್ತಿರುವುದು ಸಾಬೂನು. ಮೇಲಾಗಿ ಅವಳು ಯಾರನ್ನೂ ಮೆಚ್ಚಿಸಲು ಅಲ್ಲಿಲ್ಲ, ತನ್ನ ಸ್ನಾನದ ಖುಷಿಯಲ್ಲಿ ತಾನಿದ್ದಾಳೆ. 1991ರಲ್ಲಿ ಬಂದ ಕಾಮಸೂತ್ರ ಕಾಂಡೋಮಿನ ಜಾಹೀರಾತು ಇನ್ನೂ ಬಿಚ್ಚುಮನಸ್ಸಿನದು, ಆದರೆ ಆ ಸರಕಿಗೂ ಆ ಚಿತ್ರಕ್ಕೂ ಸಂಬಂಧವೇನೆಂದು ಯಾರೂ ಕೇಳಬೇಕಾಗಿಲ್ಲ. 1995ರಲ್ಲಿ ಟಫ್ ಶೂಗಳಿಗಾಗಿ ಇಬ್ಬರು ರೂಪದರ್ಶಿಗಳು ಬೂಟು ಮತ್ತು ಹೆಬ್ಬಾವನ್ನು ಬಿಟ್ಟು ಬೇರೇನೂ ಇಲ್ಲದೆ ನಿಂತದ್ದು ಮಾತ್ರ ನನಗೆ ಇಂದಿಗೂ ಜೀರ್ಣವಾಗದ ಉದಾಹರಣೆ. ಅದರ ಮೊಕದ್ದಮೆ ಖುಲಾಸೆಯಾಗಲು 2009ರವರೆಗೆ ಕಾಯಬೇಕಾಯಿತು. ಅದು ಅಶ್ಲೀಲವೆಂದು ನಾನು ಹೇಳುತ್ತಿಲ್ಲ. ನೋಡಿದವರಿಗೆ ಹಾವು ನೆನಪಿದೆ, ಮೈ ನೆನಪಿದೆ, ಬೂಟು ಹೇಗಿತ್ತೆಂದು ಕೇಳಿದರೆ ಹೇಳುವವರಿಲ್ಲ. ನನ್ನ ನೆನೆದ ಸೀರೆಯೂ ಆ ಜಾತಿಗೇ ಸೇರಿದ್ದು.

ಎರಡನೆಯ ಸಲ ನಾನು ಎದುರು ದಿಕ್ಕಿಗೆ ಓಡಿದೆ. ಹಳೆಯ ಕಾಲದ ಸೊಗಸು ಎಂದರೆ ಕಂದು ಬಣ್ಣ, ಮಾಸಿದ ಅಂಚು, ಗೆರೆ ಬಿದ್ದ ಕಾಗದ ಎಂದು ಕಂಪ್ಯೂಟರಿನಲ್ಲಿ ಒಂದು ಮಾದರಿ ಮಾಡಿದೆ. ತೋಳು ತುಂಬಿದ ರವಿಕೆ, ತಗ್ಗಿಸಿದ ನೋಟ, ಮಡಿಲಲ್ಲಿ ಕೈ. ಯಜಮಾನರ ತಾಯಿಯವರಿಗೆ ಆಗ ಎಂಬತ್ತು ದಾಟಿತ್ತು. ಅವರು ಅದನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, "ಯಾರಪ್ಪ ಇವರು, ತೀರಿಕೊಂಡು ಎಷ್ಟು ದಿನವಾಯಿತು?" ಎಂದರು. ನಮ್ಮ ಮನೆಗಳಲ್ಲಿ ಕಂದು ಬಣ್ಣದ ಚಿತ್ರಕ್ಕೆ ಇರುವ ಜಾಗ ದೇವರ ಕೋಣೆಯ ಪಕ್ಕದ ಗೋಡೆ, ಅದರ ಮೇಲೊಂದು ಗಂಧದ ಹಾರ. ಮದುವೆ ಸೀರೆ ಮಾರಲು ಹೊರಟವನು ತಿಥಿಯ ಚಿತ್ರ ಮಾಡಿಕೊಂಡು ಬಂದಿದ್ದೆ.

ನಮ್ಮ ಹಳೆಯ ಕಾಲ ಎಂದೂ ಕಂದಾಗಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಕಲ್ಲಚ್ಚಿನ ಮುದ್ರಣಾಲಯದಿಂದ ಮನೆಮನೆಗೆ ಹೋದ ಲಕ್ಷ್ಮಿ, ಸರಸ್ವತಿಯರು ಕುಂಕುಮ, ಅರಿಸಿನ, ನವಿಲುಗರಿಯ ಬಣ್ಣದವರು. ಕಲಬುರಗಿಯ ಎಸ್. ಎಂ. ಪಂಡಿತರು ಕ್ಯಾಲೆಂಡರುಗಳಿಗೂ ಸಿನಿಮಾ ಪೋಸ್ಟರುಗಳಿಗೂ ಬರೆದ ಹೆಂಗಸರ ಮೈಮೇಲೆ ಬೆಳಕು ತುಪ್ಪದಂತೆ ಜಾರುತ್ತದೆ. ಅವರ ಪೌರಾಣಿಕ ನಾಯಿಕೆಯರನ್ನು ಅಡುಗೆಮನೆಯ ಗೋಡೆಗೆ ತೂಗುಹಾಕಿದ ತಾಯಂದಿರು ಯಾರೂ ಅದನ್ನು ನಾಚಿಕೆಯ ವಿಷಯವೆಂದು ಎಣಿಸಲಿಲ್ಲ. ಧಾರವಾಡದಲ್ಲಿ ಹುಟ್ಟಿದ ನಟಿ ಲೀಲಾ ಚಿಟ್ನಿಸ್ 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆಯಾದರು. ಸ್ಟುಡಿಯೋಗಳಲ್ಲಿ ತೆಗೆದ ಕಪ್ಪುಬಿಳುಪಿನ ಚಿತ್ರಕ್ಕೂ ಕುಂಚದಿಂದ ತುಟಿಗೆ ಕೆಂಪು, ಸೀರೆಗೆ ಹಸಿರು, ಓಲೆಗೆ ಹೊಂಬಣ್ಣ ಹಚ್ಚಿ ಕೊಡುತ್ತಿದ್ದರು. ಸೊಗಸು, ಸೆಳೆತ, ಸಭ್ಯತೆ ಮೂರೂ ಒಂದೇ ಚೌಕಟ್ಟಿನೊಳಗೆ ಜಗಳವಿಲ್ಲದೆ ಇದ್ದ ಕಾಲವದು.

ಈ ಹೊತ್ತಿಗೆ ನನ್ನ ಸಹೋದ್ಯೋಗಿಯೊಬ್ಬರು ಅಮೆರಿಕದ ಪಿನ್-ಅಪ್ ಕ್ಯಾಲೆಂಡರುಗಳ, ಎಂದರೆ ಗೋಡೆಗೆ ಅಂಟಿಸಿಕೊಳ್ಳುವ ಚೆಲುವೆಯರ ಚಿತ್ರಗಳ, ದಾರಿ ತೋರಿಸಿದರು. ಗಿಲ್ ಎಲ್ವ್‌ಗ್ರೆನ್‌ ಎಂಬ ಚಿತ್ರಕಾರ ಬ್ರೌನ್ ಅಂಡ್ ಬಿಗೆಲೋ ಸಂಸ್ಥೆಗಾಗಿ ಬರೆದ ಆ ಚಿತ್ರಗಳಲ್ಲಿ ಲಂಗ ಬೇಲಿಗೋ ನಾಯಿಯ ಹಗ್ಗಕ್ಕೋ ಸಿಕ್ಕಿಹಾಕಿಕೊಳ್ಳುತ್ತದೆ, ಹುಡುಗಿ ಬೆಚ್ಚಿ ಬಾಯಿ ತೆರೆಯುತ್ತಾಳೆ. ನಾವು ಸೆರಗನ್ನು ಸೈಕಲ್ ಚೈನಿಗೆ ಸಿಕ್ಕಿಸಬಹುದು ಎಂದರು ಅವರು. ಚಿತ್ರಕಾರನ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಅಲ್ಲಿ ನೋಡುವವನಿಗೆ ಸಿಗುವ ಸುಖ ಅವಳ ಪೇಚಿನದು. ಅವಳಿಗೆ ಗೊತ್ತಿಲ್ಲದೆ ಕಂಡದ್ದು ಎಂಬ ನೆಪದಲ್ಲಿ ಅವಳೂ ಸಭ್ಯಳು, ನೋಡಿದವನೂ ಸಭ್ಯ. ಊರಿನ ಬಸ್ ನಿಲ್ದಾಣದ ಎದುರು ಅಂತಹ ಚಿತ್ರ ನಿಲ್ಲಿಸಿ, ಅದರ ಕೆಳಗೆ ಬಸ್ಸಿಗೆ ಕಾಯುವ ಕಾಲೇಜಿನ ಹುಡುಗಿಯರನ್ನು ಊಹಿಸಿಕೊಂಡಾಗ ನನಗೆ ಮನಸ್ಸಾಗಲಿಲ್ಲ. ಅದಕ್ಕಿಂತ ಹಿಂದಿನ, 1911ರ ವುಡ್‌ಬರಿ ಸಾಬೂನಿನ ಜಾಹೀರಾತು ನನಗೆ ಹೆಚ್ಚು ಕಲಿಸಿತು. ಮುಟ್ಟಬೇಕೆನಿಸುವ ಚರ್ಮ ಎಂಬ ಅರ್ಥದ ಅದರ ಸಾಲನ್ನು ಕೊಟ್ಟವರು ಹೆಲೆನ್ ಲ್ಯಾನ್ಸ್‌ಡೌನ್ ಎಂಬ ಮಹಿಳೆ. ಚಿತ್ರದಲ್ಲಿರುವವಳು ಉಡುಪು ತೊಟ್ಟೇ ಇದ್ದಾಳೆ. ಸೆಳೆತವೆಲ್ಲ ಆ ಸಾಲಿನಲ್ಲಿ ಮತ್ತು ಪಕ್ಕದಲ್ಲಿ ಬಾಗಿದ ಗಂಡಸಿನ ಸಾಮೀಪ್ಯದಲ್ಲಿ.

ದಾರಿ ಸಿಕ್ಕಿದ್ದು ಕೊನೆಗೆ ಅದೇ ತಾಯಿಯವರ ಟ್ರಂಕಿನಲ್ಲಿ. ಮದುವೆಯಾದ ಹೊಸತರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಅವರ ಫೋಟೋ: ಮುಖ ಮುಕ್ಕಾಲು ಭಾಗ ನಮ್ಮತ್ತ, ಹಿಂದೆ ನಿಲುವುಗನ್ನಡಿ, ಕನ್ನಡಿಯೊಳಗೆ ನಡುವಿನ ಕೆಳಗಿನವರೆಗೆ ಇಳಿದ ಮೊಗ್ಗಿನ ಜಡೆ. ಈ ಬಗೆಯ ಫೋಟೋ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದೆ. ನನ್ನ ಅಜ್ಜಿಯದೂ ಒಂದಿತ್ತು, ನಾನು ಅದನ್ನು ಜಾಹೀರಾತಿನವನ ಕಣ್ಣಿನಿಂದ ಎಂದೂ ನೋಡಿರಲಿಲ್ಲ. ಕನ್ನಡಿ ಏಕೆ ಎಂದು ಕೇಳಿದೆ. "ಅಷ್ಟು ಕಷ್ಟಪಟ್ಟು ಹೆಣೆದ ಜಡೆ ಕಾಣದಿದ್ದರೆ ಹೇಗಪ್ಪ? ಹಾಗೆಂದು ಫೋಟೋದವನಿಗೆ ಬೆನ್ನು ತಿರುಗಿಸಿ ನಿಲ್ಲುವುದಕ್ಕಾಗುತ್ತದೆಯೇ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, ನಕ್ಕು, "ನಮ್ಮ ಯಜಮಾನರು ಇದನ್ನು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಏಕೆ ಎಂದು ನೀವೇ ತಿಳಿದುಕೊಳ್ಳಿ" ಎಂದರು.

ನಾನು ತಿಳಿದುಕೊಂಡದ್ದು ಇಷ್ಟು. ಬೇಲೂರಿನ ದರ್ಪಣ ಸುಂದರಿ ಕನ್ನಡಿಯನ್ನು ತನಗಾಗಿ ಹಿಡಿದಿದ್ದಾಳೆ, ತನ್ನನ್ನೇ ನೋಡಿಕೊಳ್ಳುತ್ತಾಳೆ. ಸ್ಟುಡಿಯೋದ ಹೆಣ್ಣುಮಗಳು ಕನ್ನಡಿಯತ್ತ ನೋಡುವುದೇ ಇಲ್ಲ. ಅದು ಇರುವುದು ನಮಗಾಗಿ. ಆದರೆ ನಾವು ಅವಳ ಬೆನ್ನನ್ನು ನೋಡುತ್ತಿದ್ದೇವೆಂಬುದು ಅವಳಿಗೆ ಗೊತ್ತು, ಅವಳಿಗೆ ಗೊತ್ತೆಂಬುದು ನಮಗೂ ಗೊತ್ತು, ಏಕೆಂದರೆ ಅವಳ ಕಣ್ಣು ನೇರವಾಗಿ ನಮ್ಮ ಮೇಲಿದೆ. ಮೈ ಎಷ್ಟು ಮುಚ್ಚಿದೆ ಎನ್ನುವುದಕ್ಕಿಂತ, ತೋರಿಸುವುದು ಯಾರ ಕೈಯಲ್ಲಿದೆ ಎನ್ನುವುದರಲ್ಲಿ ಆ ಚಿತ್ರದ ಸಭ್ಯತೆಯೂ ಇದೆ, ಸೆಳೆತವೂ ಇದೆ. ಸೀರೆ ವ್ಯಾಪಾರಕ್ಕೂ ಕನ್ನಡಿ ಸಹಜವೇ ಆಗಿತ್ತು, ಏಕೆಂದರೆ ನೇಯುವವರು ಹೆಚ್ಚು ಕೆಲಸ ತುಂಬುವುದು ಸೆರಗಿಗೆ, ಸೆರಗು ಇಳಿಯುವುದು ಬೆನ್ನಿನ ಮೇಲೆ.

ಛಾಯಾಗ್ರಹಣ ನಾನು ಎಣಿಸಿದಷ್ಟು ಸುಲಭವಾಗಿರಲಿಲ್ಲ. ರೂಪದರ್ಶಿ ಕ್ಯಾಮೆರಾದಿಂದ ಹತ್ತು ಅಡಿ ದೂರದಲ್ಲಿ, ಕನ್ನಡಿ ಅವರ ಹಿಂದೆ ಮೂರು ಅಡಿಯಲ್ಲಿ. ಕನ್ನಡಿಯೊಳಗಿನ ಜಡೆ ಕನ್ನಡಿಯಷ್ಟೇ ದೂರದಲ್ಲಿರುತ್ತದೆ ಎಂದು ಕಣ್ಣು ನಂಬಿಸುತ್ತದೆ. ಮಸೂರಕ್ಕೆ ಅದು ಹದಿನಾರು ಅಡಿ ದೂರದ ವಸ್ತು, ಏಕೆಂದರೆ ಬೆಳಕು ಕನ್ನಡಿಗೆ ಹೋಗಿ ಹಿಂತಿರುಗಿ ಬರಬೇಕು. ಮುಖಕ್ಕೆ ಫೋಕಸ್ ಮಾಡಿದರೆ ಜಡೆ ಹತ್ತಿಯ ಉಂಡೆಯಂತೆ, ಜಡೆಗೆ ಮಾಡಿದರೆ ಕಣ್ಣು ಮಂಕು. ಎರಡೂ ಸ್ಪಷ್ಟವಾಗಬೇಕೆಂದು ಮಸೂರದಲ್ಲಿ ಬೆಳಕು ಹೋಗುವ ರಂಧ್ರವನ್ನು ಎಫ್ 16 ಎಂಬ ಅಳತೆಗೆ ಕಿರಿದುಗೊಳಿಸಿ, ನಡುವಿನ ದೂರಕ್ಕೆ ಫೋಕಸ್ ಇಟ್ಟೆವು. ಕ್ಯಾಮೆರಾ ತನ್ನೊಳಗೆ ಕಾಣದಂತೆ ಕನ್ನಡಿಯನ್ನು ಬೆರಳಷ್ಟು ಬೆರಳಷ್ಟೇ ತಿರುಗಿಸುತ್ತ ಒಂದು ಗಂಟೆ ಕಳೆಯಿತು. ಹಳೆಯ ಚಿತ್ರಗಳ ಗಡಸು ಬೆಳಕು ಬೇಕೆಂದು ಫ್ಲಾಶ್ ಬಿಟ್ಟು ಬಿಸಿ ದೀಪಗಳನ್ನೇ ಹಚ್ಚಿದ್ದು ನನ್ನ ಹಟ. ಜಡೆ ಹೆಣೆಯಲು ಗಾಂಧಿ ಬಜಾರಿನಿಂದ ಬಂದಿದ್ದ ಹೂವಿನ ಅಮ್ಮ, ಬೆಳಗಿನ ಜಾವ ಕೂತು ಮಲ್ಲಿಗೆ ಮೊಗ್ಗನ್ನು ಸೂಜಿಯಿಂದ ಒಂದೊಂದಾಗಿ ಬಾಳೆಪಟ್ಟೆಗೆ ಹೊಲಿದು, ನಡುನಡುವೆ ಕನಕಾಂಬರ, ಮರುಗ ಸೇರಿಸಿ, ಕುಚ್ಚು ಕಟ್ಟಿದ್ದರು. ದೀಪ ನೋಡಿದ ಕೂಡಲೆ ಅವರು ಎಚ್ಚರಿಸಿದರು: "ಅಣ್ಣಾ, ಈ ಬಿಸಿಗೆ ಮೊಗ್ಗು ಬಾಯಿ ಬಿಡುತ್ತವೆ. ಅರಳಿದ ಮೇಲೆ ಅದು ಮೊಗ್ಗಿನ ಜಡೆಯಲ್ಲ, ಹೂವಿನ ಜಡೆ." ಹಾಗೆಯೇ ಆಯಿತು. ಅರಳುವ ಮುಂಚಿನ ಇಪ್ಪತ್ತು ನಿಮಿಷದಲ್ಲಿ ತೆಗೆದ ಚಿತ್ರಗಳಷ್ಟೇ ನಮಗೆ ದಕ್ಕಿದವು.

ರೂಪದರ್ಶಿ ಮೈಸೂರಿನ ಒಬ್ಬ ಭರತನಾಟ್ಯ ಕಲಾವಿದೆ. ಅಭ್ಯಾಸದಿಂದ ಅವರ ಕಣ್ಣು ಮೊದಲಿಗೆ ತುಂಬಾ ಮಾತಾಡುತ್ತಿತ್ತು; ಶೃಂಗಾರದ ನೋಟ ಬೇಡ, ಬಾಗಿಲು ತಟ್ಟಿದವರು ಯಾರೆಂದು ನೋಡುವ ನೋಟ ಸಾಕು ಎಂದೆ. ಅವರು ಒಂದು ಕ್ಷಣ ಯೋಚಿಸಿ, ಕೇಳಿದ್ದಕ್ಕಿಂತ ಒಳ್ಳೆಯದನ್ನು ಕೊಟ್ಟರು: ಬಾಗಿಲು ತಟ್ಟಿದವರು ಯಾರೆಂದು ಗೊತ್ತಿದ್ದೂ ಏಳದ ನೋಟ. ರವಿಕೆಗೆ ಬುಗ್ಗೆ ತೋಳು, ಕುತ್ತಿಗೆಯವರೆಗೆ ಬಟ್ಟೆ. ಕುಂಕುಮ ಬಣ್ಣದ ಸೀರೆ, ಹಸಿರು ಅಂಚು. ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ, ಹಳೆಯ ಸ್ಟುಡಿಯೋದವರಂತೆ ಒಂದೊಂದೇ ಬಣ್ಣ ತೆಳುವಾಗಿ ಮೇಲೆ ಹಚ್ಚಿಸಿದೆ. ತುಟಿಯ ಬಣ್ಣ ಗೆರೆಯಿಂದ ಕೂದಲೆಳೆಯಷ್ಟು ಹೊರಗೆ ಹೋದದ್ದನ್ನು ತಿದ್ದದೆ ಬಿಟ್ಟೆ.

ಬರಹಕ್ಕೆ ಮೊದಲು ಹೊಳೆದದ್ದು "ಹಿಂದಿನಿಂದ ನೋಡಿದರೂ ಚೆಂದ" ಎಂಬ ಸಾಲು. ರಸ್ತೆಬದಿಯ ಪೋಲಿ ಹುಡುಗನ ಮಾತಿನಂತಿದೆ ಎಂದು ಯಜಮಾನರ ಸೊಸೆ ಅದನ್ನು ಅಲ್ಲಿಯೇ ಹೊಡೆದುಹಾಕಿದರು. ಅವರು ಹೇಳಿದ್ದು ಸರಿ. "ಸೆರಗು ನೋಡಲು ಕನ್ನಡಿ ಬೇಕು" ಎಂದಷ್ಟೇ ಉಳಿಸಿಕೊಂಡೆವು. 1986ರ ಮಹಿಳೆಯರ ಅಸಭ್ಯ ಚಿತ್ರಣ ನಿಷೇಧ ಕಾಯಿದೆ ಜಾಹೀರಾತುಗಳಿಗೂ ಅನ್ವಯಿಸುತ್ತದೆ. ನಮ್ಮ ಚಿತ್ರ ಅದರ ಹತ್ತಿರಕ್ಕೂ ಸುಳಿಯುವುದಿಲ್ಲವೆಂದು ನಾನು ನಿಶ್ಚಿಂತನಾಗಿದ್ದೆ.

ದೊಡ್ಡ ಬೋರ್ಡುಗಳು ಮಾಘಮಾಸದ ಮದುವೆಗಳಿಗೆ ಮೊದಲು ಮೇಲೇರಿದವು. ಮಾರಾಟದ ಲೆಕ್ಕ ಅವರದು. ನಾನು ಕಂಡದ್ದು, ಅಂಗಡಿಗೆ ಬಂದವರು "ಆ ಕನ್ನಡಿ ಸೀರೆ ತೋರಿಸಿ" ಎನ್ನುತ್ತಿದ್ದರು. ತಾಯಿಯವರು ಕಾರು ನಿಲ್ಲಿಸಿ ನೋಡಿ, ಕುಚ್ಚು ಇನ್ನೂ ಸ್ವಲ್ಪ ದಪ್ಪಗಿರಬೇಕಿತ್ತು ಎಂದರಂತೆ.

ಎಡವಿದ್ದು ಆಮೇಲೆ. ರಸ್ತೆ ವಿಭಜಕದ ಕಂಬಗಳಿಗೆ ಉದ್ದನೆಯ, ಕಿರಿದಾದ ಫಲಕಗಳು ಬೇಕೆಂದು ಅಂಗಡಿಯವರು ಊರಿನಲ್ಲಿಯೇ ಮುದ್ರಣಕ್ಕೆ ಕೊಟ್ಟರು. ಅಡ್ಡಚಿತ್ರ ಉದ್ದದ ಫಲಕದಲ್ಲಿ ಹಿಡಿಯಲಿಲ್ಲ. ಮುದ್ರಿಸುವವರು ಉದ್ದವಾಗಿದ್ದ ಭಾಗವನ್ನು, ಎಂದರೆ ಕನ್ನಡಿಯನ್ನಷ್ಟೇ ಕತ್ತರಿಸಿಕೊಂಡು ಅಂಗಡಿಯ ಹೆಸರು ಹಾಕಿದರು. ಇಪ್ಪತ್ತಕ್ಕೂ ಹೆಚ್ಚು ಕಂಬಗಳ ಮೇಲೆ ಒಂದು ಹೆಣ್ಣಿನ ಬೆನ್ನು, ನಡು, ಜಡೆ. ಒಂದಂಗುಲ ಮೈಯೂ ಹೆಚ್ಚಾಗಿ ಕಾಣುತ್ತಿರಲಿಲ್ಲ. ಅದೇ ರವಿಕೆ, ಅದೇ ಸೆರಗು. ಆದರೆ ನಮ್ಮನ್ನು ನೋಡುತ್ತಿದ್ದ ಕಣ್ಣು ಇಲ್ಲವಾದ ಮೇಲೆ, ಬೈಕಿನಲ್ಲಿ ಹೋಗುವವನು ಯಾರಿಗೂ ಉತ್ತರ ಹೇಳಬೇಕಾಗಿಲ್ಲದೆ ದಿಟ್ಟಿಸಬಹುದಾದ ಚಿತ್ರ ಅದಾಗಿತ್ತು. ಮೂರನೆಯ ದಿನ ಮಹಿಳಾ ಕಾಲೇಜಿನ ಉಪನ್ಯಾಸಕಿಯೊಬ್ಬರು ಅಂಗಡಿಗೆ ಫೋನ್ ಮಾಡಿ, "ದೊಡ್ಡ ಬೋರ್ಡಿನಲ್ಲಿದ್ದ ಆ ಹುಡುಗಿಯ ಮುಖ ಇಲ್ಲಿ ಎಲ್ಲಿ ಹೋಯಿತು?" ಎಂದು ಕೇಳಿದರು. ಫಲಕಗಳು ಆ ರಾತ್ರಿಯೇ ಇಳಿದವು. ರೂಪದರ್ಶಿಗೆ ನಾನೇ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ಸಿಟ್ಟಾಗಲಿಲ್ಲ, ಆದರೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ತಪ್ಪು ಮುದ್ರಿಸಿದವರದಲ್ಲ. ಉದ್ದದ ಫಲಕಕ್ಕೆ ಬೇರೆ ಚಿತ್ರ ಮಾಡಿಕೊಡದೆ, ಮೂಲ ಕಡತವನ್ನು ಪದರ ಪದರವಾಗಿ ಹಾಗೆಯೇ ಕಳುಹಿಸಿದವನು ನಾನು. ಅಂದಿನಿಂದ ನನ್ನ ಒಪ್ಪಂದಗಳಲ್ಲಿ ಒಂದು ಸಾಲು ಇರುತ್ತದೆ: ಯಾವ ಅಳತೆಗೆ ಹೊಂದಿಸುವಾಗಲೂ ಚಿತ್ರದಲ್ಲಿರುವವರ ಮುಖವನ್ನು ಕತ್ತರಿಸತಕ್ಕದ್ದಲ್ಲ. ಗ್ರಾಹಕರು ಓದಿ, ಇಷ್ಟಕ್ಕೂ ಒಂದು ಷರತ್ತೇ ಎಂದು ನಗುತ್ತಾರೆ. ಆಗ ನಾನು ಮೊಬೈಲಿನಲ್ಲಿ ಉಳಿಸಿಕೊಂಡಿರುವ ಆ ಕಂಬದ ಫೋಟೋ ತೆಗೆದು, ಏನೂ ಹೇಳದೆ, ಅವರ ಮುಂದೆ ಇಡುತ್ತೇನೆ.